ಸಿಡಿಮದ್ದು ಬರೆದ ಮೂರು ವಾಕ್ಯ

ಸಿಡಿಮದ್ದಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಕಮ್ಮಿ ಹೇಳಿದಂತೆ. ಅದು ಮೂಗಿಗಿಂತ ನಾಲ್ಕು ಬೆರಳು ಮುಂದೆಯೇ ನಡೆದುಹೋಗುತ್ತಿತ್ತು. ಅವನು ಹಿಂದಿನಿಂದ ಓಡಿಹೋಗಿ ಸೇರಿಕೊಳ್ಳುತ್ತಿದ್ದ. ಅವನಿಗೆ ಆ ಹೆಸರಿಟ್ಟವಳು ಜೊತೆಗೆ ಕೆಲಸ ಮಾಡುತ್ತಿದ್ದ ಹಿರಿಯಳು, ಎಲ್ಲರ ಬಾಯಲ್ಲೂ ದೊಡ್ಡಕ್ಕ. ಇಬ್ಬರೂ ಕೆಲಸ ಮಾಡುತ್ತಿದ್ದುದು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ. ಬೆಳಗಾದರೆ ಮೇಲಿನ ಆರು ಮಹಡಿಗಳ ಬೆಡ್‌ಶೀಟು, ದಿಂಬಿನ ಕವರು, ಡಾಕ್ಟರ ಹಸಿರು ಅಂಗಿ ಎಲ್ಲವೂ ಗಂಟುಗಂಟಾಗಿ ಅಲ್ಲಿಗೆ ಇಳಿಯುತ್ತಿದ್ದವು. ಸಂಜೆಯ ಹೊತ್ತಿಗೆ ಮಡಿಕೆ ಮುರಿಯದೆ ಮೇಲೆ ಹತ್ತಬೇಕು. ಮಧ್ಯದಲ್ಲಿ ಹಬೆ, ಸೋಪಿನ ವಾಸನೆ, ಯಂತ್ರಗಳ ಗದ್ದಲ. ಆ ಗದ್ದಲವನ್ನು ಮೀರಿ ಕೇಳುತ್ತಿದ್ದುದು ಸಿಡಿಮದ್ದಿನ ಗಂಟಲೊಂದೇ.

ಅವನು ಓದಿದ್ದು ಐದನೇ ಕ್ಲಾಸು. ಮೇಷ್ಟ್ರು ಕಿವಿ ಹಿಂಡಿದರೆಂದು ಸ್ಲೇಟನ್ನು ನೆಲಕ್ಕೆ ಕುಕ್ಕಿ ಹೊರಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಅವನಿಗೆ ಕಲಿಸಿದ್ದು ಬೆಡ್‌ಶೀಟುಗಳು. ಯಾವ ವಾರ್ಡಿನ ಬಟ್ಟೆ ಎಂದು ತಿಳಿಯಲು ಪ್ರತಿಯೊಂದರ ಮೂಲೆಯಲ್ಲೂ ಕಪ್ಪು ಶಾಯಿಯ ದೊಡ್ಡ ಅಕ್ಷರ ಇರುತ್ತಿತ್ತು. ಇಪ್ಪತ್ತು ವರ್ಷ ಒಗೆದು ಒಗೆದು ಇಪ್ಪತ್ತಾರೂ ಅಕ್ಷರ ಕೈಗೆ ಹತ್ತಿದ್ದವು. ಬಟ್ಟೆ ಗಂಟು ಕಟ್ಟುವುದನ್ನು, ಶಿಫ್ಟಿನ ಮಧ್ಯೆ ನಿಂತುಕೊಂಡೇ ಹತ್ತು ನಿಮಿಷ ನಿದ್ದೆ ತೆಗೆಯುವುದನ್ನು, ಕಲೆ ನೋಡಿ ಯಾವುದು ಔಷಧಿ, ಯಾವುದು ರಕ್ತ ಎಂದು ಹೇಳುವುದನ್ನು ಕಲಿಸಿದವಳು ದೊಡ್ಡಕ್ಕ.

ಕೋಣೆಯಲ್ಲಿ ಒಗೆಯುವ ಯಂತ್ರಗಳು ಮೂರು. ಅದರಲ್ಲಿ ಹಳೆಯದಕ್ಕೆ ಎಲ್ಲರೂ ಮುದುಕಿ ಎನ್ನುತ್ತಿದ್ದರು. ಬಾಗಿಲು ತೆರೆದಿದ್ದರೆ ಡ್ರಮ್ಮು ತಿರುಗದ ಹಾಗೆ ಅದಕ್ಕೊಂದು ಲಾಕು ಇತ್ತು. ಅದು ಕೆಟ್ಟು ಆರು ವರ್ಷವಾಗಿತ್ತು. ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು. ಆಫೀಸಿನದು ಎಮ್ಮೆ ಮೇಲೆ ಮಳೆ ಸುರಿದ ಕಥೆ. ಕೊನೆಗೆ ದೊಡ್ಡಕ್ಕನೇ ಒಂದು ಕಟ್ಟಳೆ ಮಾಡಿದಳು. ಡ್ರಮ್ಮಿನೊಳಗೆ ಕೈ ಹಾಕುವವರು ಮೊದಲು ತಮ್ಮ ಒಂದು ಚಪ್ಪಲಿಯನ್ನು ಗೋಡೆಯ ಸ್ವಿಚ್ಚಿನ ಹಿಡಿಗೆ ಸಿಕ್ಕಿಸಬೇಕು.

“ಚಪ್ಪಲಿನೇ ಯಾಕಕ್ಕ?” ಎಂದು ಆಗ ಸಿಡಿಮದ್ದು ಕೇಳಿದ್ದ.

“ಟವೆಲ್ ಮರೆತು ಮನೆಗೆ ಹೋಗೋರಿದಾರೆ ಕಣೋ. ಒಂದೇ ಕಾಲಲ್ಲಿ ಚಪ್ಪಲಿ ಮೆಟ್ಕೊಂಡು ಹೋಗೋನು ಇನ್ನೂ ಹುಟ್ಟಿಲ್ಲ. ಅಲ್ಲದೆ ರಬ್ಬರು, ಶಾಕೂ ಹೊಡಿಯಲ್ಲ.”

ಕಟ್ಟಳೆಗೆ ಇನ್ನೊಂದು ತುದಿಯೂ ಇತ್ತು. ಸ್ವಿಚ್ ಹಾಕುವವರು, ಚಪ್ಪಲಿ ಕಾಣದಿದ್ದರೂ, “ಹಾಕ್ತೀನೀ!” ಎಂದು ಮೂರು ಸಲ ಕೂಗಿ, ಉಸಿರು ಬಿಡುವಷ್ಟು ಹೊತ್ತು ಕಾಯಬೇಕು. ಸ್ವಿಚ್ಚಿನ ಹತ್ತಿರ ನಿಂತರೆ ಮುದುಕಿಯ ಬಾಯಿ ಕಾಣುತ್ತಿರಲಿಲ್ಲ. ಆರು ವರ್ಷ ಈ ಕೂಗಿನಲ್ಲಿ, ಈ ಚಪ್ಪಲಿಯಲ್ಲಿ ಎಲ್ಲರ ಕೈಯೂ ಕೈಯಾಗಿಯೇ ಉಳಿದಿತ್ತು.

ಎರಡು ವಾರದ ಹಿಂದೆ ತಪಾಸಣೆಗೆ ದೊಡ್ಡವರು ಬರುವ ದಿನ. ಹೊಸದಾಗಿ ಬಂದಿದ್ದ ಸೂಪರ್‌ವೈಸರ್ ಬೆಳಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುತ್ತಿದ್ದರು. ಸೋಪಿನ ಡಬ್ಬಗಳನ್ನು ಬಲಕ್ಕೆ ಇಡಿಸಿದರು, ಎಡಕ್ಕೆ ಇಡಿಸಿದರು, ಮತ್ತೆ ಬಲಕ್ಕೆ ಎಂದರು. ಸಿಡಿಮದ್ದು ಸಿಡಿದ. “ಡಬ್ಬಕ್ಕೇನು ಕಾಲಿದ್ಯಾ, ನಿಮಗೆ ತಲೆ ಇದ್ಯಾ?” ಎಂದು ಕೇಳಿಯೇಬಿಟ್ಟ. ಬಾಯಿಗೆ ಬಾಯಿ ಹತ್ತಿತು. ಅತ್ತ ದೊಡ್ಡಕ್ಕ ಸ್ವಿಚ್ಚಿಗೆ ಚಪ್ಪಲಿ ಸಿಕ್ಕಿಸಿ, ಮುದುಕಿಯ ಒಳಗೆ ಸುತ್ತಿಕೊಂಡಿದ್ದ ಬೆಡ್‌ಶೀಟು ಬಿಡಿಸಲು ಭುಜದವರೆಗೆ ಬಗ್ಗಿದ್ದಳು. ಜಗಳ ಮುಗಿಸಿ ಬಂದ ಸೂಪರ್‌ವೈಸರ್‌ಗೆ ಗೋಡೆಯ ಮೇಲೆ ನೇತಾಡುವ ಚಪ್ಪಲಿ ಕಂಡಿತು. ದೊಡ್ಡವರು ಬರುವ ಹೊತ್ತು! ಎರಡು ಬೆರಳಲ್ಲಿ ಹಿಡಿದು ಅದನ್ನು ಮೇಜಿನ ಕೆಳಗೆ ಎಸೆದು ಹೋದರು. ಹಿಂದೆಯೇ ಬುಸುಗುಟ್ಟುತ್ತ ಬಂದ ಸಿಡಿಮದ್ದು, ಸೂಪರ್‌ವೈಸರ್ ಮೇಲಿನ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು, ಸ್ವಿಚ್ಚನ್ನು ರಪ್ಪನೆ ಹಾಕಿದ.

ಕೂಗಲಿಲ್ಲ.

ಡ್ರಮ್ಮು ಅರ್ಧ ಸುತ್ತು ತಿರುಗಿತ್ತು. ಚೀರಿದ್ದು ಕೇಳಿ ಸ್ವಿಚ್ ಎಳೆದ. ದೊಡ್ಡಕ್ಕನ ಎಡಗೈ ಮಣಿಕಟ್ಟಿನ ಹತ್ತಿರ ಮುರಿದಿತ್ತು. ಅವಳನ್ನು ಎರಡನೇ ಮಹಡಿಗೆ ಎತ್ತಿಕೊಂಡು ಹೋದವನೂ ಅವನೇ. ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು: “ನಿಧಾನ ಕಣೋ, ಮೂಟೆ ಅಲ್ಲ ನಾನು.”

ಆಮೇಲೆ ಕೇಳಿದವರಿಗೆಲ್ಲ ಅವನು “ಚಪ್ಪಲಿ ಇರ್ಲಿಲ್ಲ” ಎಂದ. ಅದು ನಿಜ. ಸೂಪರ್‌ವೈಸರ್ ಅದನ್ನು ಎಸೆದದ್ದನ್ನು ಕಂಡವರು ಆಮೇಲೆ ಅವನಿಗೆ ಹೇಳಿದ್ದರು. ಕೂಗಿದೆಯಾ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂದಿನಿಂದ ಅವನ ಸಿಟ್ಟು ಇಮ್ಮಡಿಯಾಗಿತ್ತು. ನಲ್ಲಿಯ ಮೇಲೆ ಸಿಟ್ಟು, ಬಸ್ಸಿನ ಮೇಲೆ ಸಿಟ್ಟು, ಬಿಸಿಯಾದ ಟೀ ಮೇಲೆ ಸಿಟ್ಟು, ತಣ್ಣಗಾದರೆ ಅದರ ಮೇಲೂ ಸಿಟ್ಟು.

ಶನಿವಾರ ಮಧ್ಯಾಹ್ನ ಸೂಪರ್‌ವೈಸರ್ ಅವನನ್ನು ಕರೆದು, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟರು.

“ಸಾಕ್ಷಿ ಹೇಳಿಕೆ. ಇಲ್ಲೊಂದು ಸಹಿ ಹಾಕಪ್ಪ, ಫೈಲ್ ಮುಚ್ಚಿಬಿಡೋಣ.”

“ಏನಂತ ಬರ್ದಿದೆ ಸಾರ್?”

“ಏನಿರತ್ತೆ? ಆಕಸ್ಮಿಕವಾಗಿ ಆಯ್ತು ಅಂತ. ನಿನ್ನ ಹೆಸರು ಎಲ್ಲೂ ಇಲ್ಲ, ಹೆದರಬೇಡ.”

ಹೆದರಬೇಡ ಎಂದದ್ದಕ್ಕೇ ಅವನಿಗೆ ಹೆದರಿಕೆಯಾಯಿತು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡ. ದೊಡ್ಡಕ್ಕನ ಹೆಸರು ಗುರುತು ಸಿಕ್ಕಿತು. ಅದರ ಹತ್ತಿರದಲ್ಲೇ ಗೂಡ್ಸ್ ಗಾಡಿಯಷ್ಟು ಉದ್ದದ ಒಂದು ಪದ ನಿಂತಿತ್ತು.

“ಸೋಮವಾರ ತರ್ತೀನಿ ಸಾರ್,” ಎಂದು ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ.

ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಮಗಳ ಮುಂದೆ ಅದನ್ನು ಬಿಡಿಸಿಟ್ಟ. ಹೈಸ್ಕೂಲಿನ ಹುಡುಗಿ, ಮಾತಿಗಿಂತ ಕಣ್ಣು ಜಾಸ್ತಿ ಆಡಿಸುವವಳು. ಓದಿ, ಮುಖ ಚಿಕ್ಕದು ಮಾಡಿಕೊಂಡಳು.

“ಅಪ್ಪ, ಇದು ನೆಗ್ಲಿಜೆನ್ಸ್. ದೊಡ್ಡತ್ತೆಯ ನೆಗ್ಲಿಜೆನ್ಸ್‌ನಿಂದಲೇ ಅಪಘಾತ ಆಯ್ತು ಅಂತ ಬರ್ದಿದಾರೆ. ಅದಕ್ಕೇ ಅವರನ್ನ ಕೆಲಸದಿಂದ ತೆಗಿಬಹುದು ಅಂತ ಕೆಳಗಡೆ ಇದೆ.”

“ತೆಗಿತಾರಾ? ಎರಡು ವರ್ಷ ಇದೆ ಕಣೇ ಅವಳ ರಿಟೈರಿಗೆ!” ಸಿಡಿಮದ್ದು ಎದ್ದು ನಿಂತ. ಕುರ್ಚಿ ಬಿತ್ತು. “ಆ ಸೂಪರ್‌ವೈಸರ್‌ನ ನೆಗ್ಲಿಜೆನ್ಸು! ಬರಲಿ ನಾಳೆ, ಲೇ ನೆಗ್ಲಿಜೆನ್ಸ್ ಅಂತ ಎದುರಿಗೇ ಕರೀತೀನಿ!”

“ಅಪ್ಪಾ, ಅದು ಬೈಗುಳ ಅಲ್ಲ.”

“ಮತ್ತೇನು?”

ಅಡುಗೆಮನೆಯಿಂದ ಹೆಂಡತಿ ಹೇಳಿದಳು: “ನಿಮ್ಮ ಬಾಯಲ್ಲಿ ನಮಸ್ಕಾರನೂ ಬೈಗುಳನೇ ಆಗತ್ತೆ. ಕೂತ್ಕೊಂಡು ಕೇಳಿ.”

ಅವನು ಕುರ್ಚಿ ಎತ್ತಿ ಕೂತ. ಮಗಳು ಪುಸ್ತಕ ತೆಗೆದಳು. “ನೋಡಬೇಕಾದ್ದನ್ನ ನೋಡದೆ ಇರೋದು, ಮಾಡಬೇಕಾದ್ದನ್ನ ಮಾಡದೆ ಬಿಡೋದು. ಗೊತ್ತಿದ್ದೂ ಅಸಡ್ಡೆ ಮಾಡೋದು. ಅದಕ್ಕೆ ನೆಗ್ಲಿಜೆನ್ಸ್ ಅಂತಾರೆ. ಕಲ್ಲು, ಕುರ್ಚಿ ಥರ ಮುಟ್ಟಿ ತೋರಿಸೋಕಾಗಲ್ಲ. ಇಂಥ ಪದ ಬಂದಾಗ ನಮ್ಮ ಟೀಚರ್ ಮೂರು ವಾಕ್ಯ ಮಾಡಿಸ್ತಾರೆ. ಒಂದು ವಸ್ತು ಬಗ್ಗೆ, ಒಂದು ಬೇರೆಯವರ ಬಗ್ಗೆ, ಒಂದು ನಮ್ಮ ಬಗ್ಗೆ. ಮೂರೂ ನಿಜ ಆಗಿರಬೇಕು. ಆಗಲೇ ಪದ ನಮ್ಮದಾಗೋದು ಅಂತೆ.”

“ನೀನು ಮಾಡು ನೋಡೋಣ.”

ಅವಳು ಪೆನ್ಸಿಲ್ ಕಚ್ಚಿದಳು. ಮೆಲ್ಲಗೆ ಹೇಳಿದಳು: “ದಿ ಪ್ಲಾಂಟ್ ಡೈಡ್ ಬಿಕಾಸ್ ಆಫ್ ಮೈ ನೆಗ್ಲಿಜೆನ್ಸ್.”

“ಅಂದ್ರೆ?”

“ಕಿಟಕಿ ಹತ್ತಿರ ಇತ್ತಲ್ಲ ಕುಂಡ, ಅದರ ಗಿಡ ಸತ್ತದ್ದು ನನ್ನ ಅಸಡ್ಡೆಯಿಂದ. ನೀರು ಹಾಕೋ ಕೆಲಸ ನಂದಾಗಿತ್ತಪ್ಪ.”

ಸಿಡಿಮದ್ದು ಕಿಟಕಿಯ ಕಡೆ ತಿರುಗಿದ. ಆ ಗಿಡಕ್ಕಾಗಿ ಅವನು ಹೆಂಡತಿಗೆ ಒಂದು ಸಂಜೆ ಪೂರ್ತಿ ಬೈದಿದ್ದ. ಅವಳು ತಟ್ಟೆ ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನಿಂಗೆ ಗೊತ್ತಿತ್ತೇನೇ?” ಎಂದು ಅಡುಗೆಮನೆಯ ಕಡೆ ಕೇಳಿದ.

“ಗೊತ್ತಿಲ್ದೆ ಏನು? ಅವಳಿಗೆ ಪರೀಕ್ಷೆ ಇತ್ತು. ನಿಮ್ಮ ಬೈಗುಳ ನಂಗೆ ಹೊಸದಾ? ಗಿಡದ ಜೊತೆ ಅದೂ ಒಣಗಿ ಹೋಯ್ತು, ಬಿಡಿ.”

ಅವನು ಬಿಡಲಿಲ್ಲ. ಮಗಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, “ಈಗ ನಾನು ಮಾಡ್ತೀನಿ” ಎಂದ.

ವಸ್ತುವಿನ ಬಗ್ಗೆ ಎಂದಾಗ ಲಾಕು ನೆನಪಾಯಿತು. ಅವನು ಹೇಳಿದ, ಅವಳು ಪದ ಹುಡುಕಿಕೊಟ್ಟಳು, ಅವನು ಅವಳ ಪುಸ್ತಕದಿಂದ ಹರಿದ ಖಾಲಿ ಹಾಳೆಯ ಮೇಲೆ ಬೆಡ್‌ಶೀಟಿನ ದೊಡ್ಡ ಅಕ್ಷರಗಳಲ್ಲಿ ಬರೆದ. ಆಫೀಸಿನ ನೆಗ್ಲಿಜೆನ್ಸ್‌ನಿಂದಾಗಿ ಆರು ವರ್ಷ ಲಾಕು ರಿಪೇರಿ ಆಗಲಿಲ್ಲ. ಬೇರೆಯವರ ಬಗ್ಗೆ ಎಂದಾಗ ಅವನಿಗೆ ಹಬ್ಬವೇ ಆಯಿತು. ಸೂಪರ್‌ವೈಸರ್‌ನ ನೆಗ್ಲಿಜೆನ್ಸ್‌ನಿಂದಾಗಿ ಚಪ್ಪಲಿ ಸ್ವಿಚ್ಚಿನ ಮೇಲೆ ಇರಲಿಲ್ಲ. ಪೆನ್ಸಿಲ್ಲಿನ ಮೊನೆ ಮುರಿಯುವ ಹಾಗೆ ಒತ್ತಿ ಬರೆದ. ಮೊನೆ ಮುರಿದೂ ಹೋಯಿತು.

“ಸರಿಯಾಗಿದ್ಯಾ?”

“ಎರಡೂ ಸರಿಯಾಗಿದೆಯಪ್ಪ!” ಮಗಳು ಪೆನ್ಸಿಲ್ ಕೆತ್ತಿ ಕೊಟ್ಟಳು. “ಈಗ ಮೂರನೇದು. ನಿನ್ನ ಬಗ್ಗೆ.”

“ನನ್ನ ಬಗ್ಗೆ ಏನು? ನನ್ನ ಬಗ್ಗೆ ಏನೂ ಇಲ್ಲ!” ಅವನ ದನಿಗೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು. “ದೊಡ್ಡವರನ್ನ ಪ್ರಶ್ನೆ ಕೇಳ್ತೀಯಾ? ಯಾರು ಏನು ಹೇಳಿದ್ರು ನಿಂಗೆ?”

ಯಾರೂ ಏನೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡದ್ದು ಅವನೇ. ಹುಡುಗಿ ತಲೆ ತಗ್ಗಿಸಿ ರಬ್ಬರಿನಿಂದ ಮೇಜಿನ ಮೇಲಿನ ಗೆರೆಯೊಂದನ್ನು ಉಜ್ಜತೊಡಗಿದಳು. ಆ ಗೆರೆ ಮರದ್ದೇ ಗೆರೆ, ಉಜ್ಜಿದರೆ ಹೋಗುವಂಥದ್ದಲ್ಲ. ಅವಳು ಉಜ್ಜುತ್ತಲೇ ಇದ್ದಳು. ಸಿಡಿಮದ್ದು ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು ತಡೆದ.

“ಇರಲಿ ಬಿಡು ಪುಟ್ಟಿ. ‘ಕೂಗಲಿಲ್ಲ’ ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ?”

ಅವಳು ಹೇಳಿದಳು. ಯಾಕೆಂದು ಕೇಳಲಿಲ್ಲ. ಅವನು ಬರೆಯಲೂ ಇಲ್ಲ. ಎರಡೂ ಹಾಳೆ ಮಡಚಿಕೊಂಡು ಎದ್ದ. “ಅಕ್ಕನ ಮನೆಗೆ ಹೋಗಿ ಬರ್ತೀನಿ.”

ದೊಡ್ಡಕ್ಕನದು ಮೂರು ಮೆಟ್ಟಿಲು ಹತ್ತಿದರೆ ಸಿಗುವ ಒಂಟಿ ಕೋಣೆ. ಒಂದು ಮಂಚ, ಒಂದು ಸ್ಟೂಲು, ಹಗ್ಗದ ಮೇಲೆ ಎರಡು ಸೀರೆ. ಆ ಸೀರೆಗಳ ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದು ನೋಡಿದರೆ ಸಾಕು, ಅದು ಯಾರ ಮನೆ ಎಂದು ಆಸ್ಪತ್ರೆಯವರು ಯಾರಾದರೂ ಹೇಳಬಹುದಿತ್ತು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಅವಳು ಬಲಗೈಯೊಂದರಲ್ಲೇ ಬಟಾಣಿ ಸುಲಿಯುತ್ತಿದ್ದಳು. ಸುಲಿದದ್ದಕ್ಕಿಂತ ನೆಲಕ್ಕೆ ಉರುಳಿದ್ದೇ ಹೆಚ್ಚು.

“ಬಾರೋ. ಬರೋವಾಗಲೇ ಮೆಟ್ಟಿಲು ಬೈಕೊಂಡು ಬಂದ್ಯಲ್ಲ, ಅವೇನು ಮಾಡಿದ್ವೋ ಪಾಪ?”

ಅವನು ನೆಲದ ಮೇಲೆ ಕೂತು ಕಾಳು ಹೆಕ್ಕತೊಡಗಿದ. ಹೆಕ್ಕುತ್ತಲೇ ಹಾಳೆಯ ವಿಷಯ ಹೇಳಿದ. ಅವಳನ್ನು ಕೆಲಸದಿಂದ ತೆಗೆಯುವ ಮಾತನ್ನೂ ಹೇಳಿದ. ಬಟಾಣಿಯ ಸಿಪ್ಪೆ ಅವಳ ಬೆರಳಲ್ಲಿ ಎರಡಾಯಿತು, ನಾಲ್ಕಾಯಿತು.

“ಎರಡು ವರ್ಷ ಆಗಿದ್ರೆ ನಾನೇ ಹೋಗ್ತಿದ್ದೆ,” ಎಂದಳು. “ಹಾರ ಹಾಕಿಸ್ಕೊಂಡು ಹೋಗೋದು ಬೇರೆ, ಕತ್ತು ಹಿಡಿದು ದಬ್ಬಿಸ್ಕೊಂಡು ಹೋಗೋದು ಬೇರೆ.”

“ಹೋಗಲ್ಲ ನೀನು. ನಾನು ಬೇರೆ ಬರೆದು ಕೊಡ್ತೀನಿ. ಎರಡು ವಾಕ್ಯ ಆಗಿದೆ. ಮೂರನೇದು...” ಹೆಕ್ಕಿದ ಕಾಳುಗಳನ್ನು ಬಟ್ಟಲಿಗೆ ಸುರಿದ. ನೆಲಮಾಳಿಗೆಯ ಯಂತ್ರಗಳನ್ನೆಲ್ಲ ಮೀರಿಸುತ್ತಿದ್ದ ಗಂಟಲಿನಿಂದ ಈಗ ಬಂದದ್ದು ಪಿಸುಮಾತು. “ಅಕ್ಕ, ಆವತ್ತು ನಾನು ಕೂಗಲಿಲ್ಲ.”

ದೊಡ್ಡಕ್ಕ ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ಅದನ್ನ ಹೇಳೋಕೆ ಎರಡು ವಾರ ಬೇಕಾಯ್ತೇನೋ?”

“ನಿಂಗೆ ಗೊತ್ತಿತ್ತಾ?”

“ಡ್ರಮ್ಮಿನೊಳಗೆ ತಲೆ ಇಟ್ಟಿದ್ದೋಳು ನಾನು. ನೀನು ಒಂದು ಸಲ ಕೂಗಿದ್ರೆ ಅಲ್ಲಿ ಮೂರು ಸಲ ಕೇಳತ್ತೆ. ಆವತ್ತು ಒಂದೂ ಕೇಳಲಿಲ್ಲ.”

“ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?”

“ನಾನು ಹೇಳಿದ್ರೆ ಅದು ಚಾಡಿ. ನೀನು ಹೇಳಿದ್ರೆ ಮಾತು.” ಅವಳು ಬಲಗೈಯಿಂದ ಅವನ ತಲೆಯ ಮೇಲೆ ಮೆಲ್ಲಗೆ ಮೊಟಕಿದಳು. “ಬರ್ತೀಯ ಅಂತ ಗೊತ್ತಿತ್ತು. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿರಲಿಲ್ಲ. ಅಲ್ವೋ, ಬರೆದು ಕೊಟ್ರೆ ನಿನ್ನನ್ನ ಬಿಡ್ತಾರಾ? ಮಗಳ ಓದಿದೆ.”

“ಅವಳೇ ಹೇಳಿಕೊಟ್ಟಿದ್ದು ಅಕ್ಕ, ಮೂರೂ ನಿಜ ಆಗಿರಬೇಕಂತೆ.”

ದೊಡ್ಡಕ್ಕನ ಕಣ್ಣು ಒದ್ದೆಯಾಯಿತು. “ಈ ಕಣ್ಣಿಗೊಂದು ಬೇರೆ ಕೆಲಸ ಇಲ್ಲ,” ಎಂದು ಸೆರಗಿನಿಂದ ಒರೆಸಿಕೊಂಡು, “ಸುಮ್ನೆ ಕೂತ್ಕೋಬೇಡ, ಮಿಕ್ಕ ಬಟಾಣಿ ಸುಲಿ,” ಎಂದಳು. ಸಿಡಿಮದ್ದು ಕೊನೆಯ ಕಾಳಿನವರೆಗೂ ಸುಲಿದ. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಅದರ ಮೇಲೆ ತನ್ನ ಹಾಳೆ ಹರಡಿ, ಅವಳ ಕಣ್ಣೆದುರಿಗೇ ಮೂರನೆಯದನ್ನು ಬರೆದ. ಐ ಡಿಡ್ ನಾಟ್ ಕಾಲ್ ಔಟ್. ಇಟ್ ವಾಸ್ ಮೈ ನೆಗ್ಲಿಜೆನ್ಸ್.

“ಇದರಲ್ಲಿ ಎರಡು ಚುಕ್ಕಿ ಇದೆ. ನಾಲ್ಕಾಯ್ತಲ್ಲೋ ವಾಕ್ಯ,” ಎಂದಳು ದೊಡ್ಡಕ್ಕ.

“ಒಂದೇ ಉಸಿರಿಗೆ ಹೇಳೋಕಾಗಲಿಲ್ಲ ಅಕ್ಕ.”

ಸೋಮವಾರ ಅವನು ಸೂಪರ್‌ವೈಸರ್ ಮೇಜನ್ನು ದಾಟಿ ನೇರವಾಗಿ ಮ್ಯಾನೇಜರ್ ಮೇಡಂ ಕೋಣೆಗೆ ಹೋದ. ಬಾಯಲ್ಲಿ ಹೇಳಿದರೆ ಸೂಪರ್‌ವೈಸರ್ ಅದನ್ನು ತಮಗೆ ಬೇಕಾದ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಾರೆಂದು ಅವನಿಗೆ ಗೊತ್ತಿತ್ತು. ಬರೆದದ್ದನ್ನು ತಿರುಗಿಸಲಾಗದು. ಮೇಡಂ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಯಾರು ಬರ್ದಿದ್ದು ಇದನ್ನ?”

“ನಾನೇ ಮೇಡಂ.”

“ಎಲ್ಲ ದೊಡ್ಡ ಅಕ್ಷರದಲ್ಲಿ ಯಾಕಿದೆ?”

“ಬೆಡ್‌ಶೀಟಲ್ಲಿ ಸಣ್ಣಕ್ಷರ ಇರಲ್ಲ ಮೇಡಂ.”

ಅವರು ನಗಲಿಲ್ಲ. “ಮೊದಲೆರಡು ಬರೆದು ಕೊಟ್ಟಿದ್ರೂ ಕೈ ಮುರಿದವರ ಕೆಲಸ ಉಳೀತಿತ್ತು. ಮೂರನೇದು ನಿಮಗೇ ತೊಂದರೆ. ಹೊಡೆದು ಹಾಕ್ಬೇಕು ಅಂದ್ರೆ ಈಗಲೇ ಹೊಡೆದು ಹಾಕಿ,” ಎಂದು ಪೆನ್ನು ಮುಂದೆ ಚಾಚಿದರು.

ಸಿಡಿಮದ್ದು ಪೆನ್ನು ತೆಗೆದುಕೊಂಡ. ಹಾಳೆಯ ಕೆಳಗೆ ಸಹಿ ಮಾಡುವುದನ್ನು ಮರೆತಿದ್ದ. ಸಹಿ ಮಾಡಿ ಪೆನ್ನನ್ನು ಹಿಂದಿರುಗಿಸಿದ. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಅವನು ಯಾವ ಬಾಗಿಲನ್ನೂ ಹಾಕಿಕೊಂಡು ಬಂದಿರಲಿಲ್ಲ.

ಅವನಿಗೆ ಒಂದು ತಿಂಗಳು ಸಸ್ಪೆಂಡ್ ಆಯಿತು. ಬಂದ ಮೇಲೆ ಆರು ತಿಂಗಳು ಸ್ವಿಚ್ ಮುಟ್ಟಬಾರದು ಎಂದೂ ಆಯಿತು. ಆ ಒಂದು ತಿಂಗಳು ಅವನು ಮನೆಯಲ್ಲಿ ಕಿಟಕಿಯ ಕುಂಡಕ್ಕೆ ಹೊಸ ಗಿಡ ನೆಟ್ಟು, ದಿನಕ್ಕೆ ಮೂರು ಸಲ ನೀರು ಹಾಕಿ ಕೊಳೆಸಿದ. ಹೆಂಡತಿ ಅದನ್ನು ಕಿತ್ತೆಸೆದು, “ಈ ವಾಕ್ಯಾನೂ ಬರ್ಕೊಳ್ಳಿ,” ಎಂದಳು. ಅವನು ನಕ್ಕ. ಅವನು ನಕ್ಕದ್ದು ನೋಡಿ ಮಗಳು ನಕ್ಕಳು.

ಮುದುಕಿಯ ಲಾಕು ಹದಿನೈದು ದಿನದಲ್ಲಿ ರಿಪೇರಿಯಾಯಿತು. ಸೂಪರ್‌ವೈಸರ್ ಸಾಹೇಬರಿಗೆ ಒಂದು ಎಚ್ಚರಿಕೆ ಪತ್ರ ಬಂತಂತೆ. ಈಗ ಎಲ್ಲಿ ಚಪ್ಪಲಿ ಕಂಡರೂ ಸುತ್ತು ಹಾಕಿಕೊಂಡು ಹೋಗುತ್ತಾರೆ. ದೊಡ್ಡಕ್ಕ ಬ್ಯಾಂಡೇಜು ಬಿಚ್ಚಿಸಿಕೊಂಡು ಕೆಲಸಕ್ಕೆ ಬಂದಳು. ಎಡಗೈಗೆ ಒದ್ದೆ ಬಟ್ಟೆ ಎತ್ತುವ ಶಕ್ತಿ ಇನ್ನೂ ಬಂದಿರಲಿಲ್ಲವಾದ್ದರಿಂದ ಅವಳನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ಸಿಡಿಮದ್ದಿಗೆ ಬಟ್ಟೆ ತುಂಬುವ, ತೆಗೆಯುವ ಕೆಲಸ.

ಅವನು ಮರಳಿ ಬಂದ ದಿನವೇ ಮುದುಕಿಯ ಒಳಗೆ ದಿಂಬಿನ ಕವರೊಂದು ಸಿಕ್ಕಿಕೊಂಡಿತು. ಲಾಕು ಸರಿಯಾಗಿತ್ತು, ಚಪ್ಪಲಿಯ ಅಗತ್ಯವಿರಲಿಲ್ಲ. ಆದರೂ ಅವನು ಎಡಗಾಲಿನ ಚಪ್ಪಲಿ ತೆಗೆದು ಸ್ವಿಚ್ಚಿನ ಹಿಡಿಗೆ ಸಿಕ್ಕಿಸಿದ. ದೊಡ್ಡಕ್ಕ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಅವನು ಡ್ರಮ್ಮಿಗೆ ಭುಜದವರೆಗೆ ಬಗ್ಗಿದ. ಒಳಗೆ ಕತ್ತಲು, ಸೋಪಿನ ವಾಸನೆ, ತಗಡಿನ ತಂಪು.

“ಹಾಕ್ತೀನೋ!” ದೊಡ್ಡಕ್ಕ ಕೂಗಿದಳು. ಅಲ್ಲಿ ಅದು ನಿಜವಾಗಿಯೂ ಮೂರು ಸಲ ಕೇಳಿಸಿತು.

“ಬೇಡಕ್ಕಾ! ಒಳಗಿದೀನಿ!”

“ಇದೀಯಾ? ಹಾಗಾದ್ರೆ ಅಲ್ಲೇ ಇರು, ಸ್ವಲ್ಪ ತೊಳೆದು ತೆಗಿತೀನಿ. ಸಿಟ್ಟಿನ ಕಲೆ ಇನ್ನೂ ಪೂರ್ತಿ ಹೋಗಿಲ್ಲ.”

ಕೋಣೆಯವರೆಲ್ಲ ನಕ್ಕರು. ಡ್ರಮ್ಮಿನೊಳಗಿದ್ದ ಸಿಡಿಮದ್ದಿಗೆ ಒಬ್ಬೊಬ್ಬರ ನಗುವೂ ಮೂರು ಮೂರು ಸಲ ಕೇಳಿಸಿತು. ಕವರು ಕೈಗೆ ಸಿಕ್ಕಿದರೂ ಅವನು ಕೂಡಲೇ ಹೊರಗೆ ಬರಲಿಲ್ಲ. ಮುಖ ಒದ್ದೆಯಾಗಿತ್ತು. ಅದೇ ದಿಂಬಿನ ಕವರಿನಿಂದ ಒರೆಸಿಕೊಂಡು, ಅದನ್ನು ಮತ್ತೆ ಒಗೆಯುವ ರಾಶಿಗೇ ಹಾಕಿದ.